ಕೆಂಪಾಗದ ಕಣ್ಣಿನಲ್ಲೂ ಉರಿಯೂತ ಇರಬಹುದು: ಮಕ್ಕಳ ಕಣ್ಣಿನ ಬಗ್ಗೆ ಫಾರ್ವರ್ಡ್‌ಗಳು ಹೇಳದ ಸಂಗತಿ

2023ರ ಜುಲೈ ತಿಂಗಳು ನೆನಪಿದೆಯೇ? ರಾಜ್ಯದ ತುಂಬ ಮದ್ರಾಸ್ ಐ. ಬೆಳಗ್ಗೆ ಚೆನ್ನಾಗಿಯೇ ಶಾಲೆಗೆ ಹೋದ ಮಗು ಸಂಜೆ ಕಣ್ಣುಜ್ಜಿಕೊಂಡು ಬರುತ್ತಿತ್ತು, ಮೂರ್ನಾಲ್ಕು ದಿನದಲ್ಲಿ ಮನೆಮಂದಿಗೆಲ್ಲ ಅಂಟುತ್ತಿತ್ತು. ಬಸ್ಸಿನಲ್ಲಿ ಯಾರಾದರೂ ಕಪ್ಪು ಕನ್ನಡಕ ಹಾಕಿಕೊಂಡು ಕೂತರೆ ಪಕ್ಕದ ಸೀಟು ಖಾಲಿ. ಆ ದಿನಗಳಲ್ಲಿ ನಿಮ್ಮ ವಾಟ್ಸಾಪ್ ಗುಂಪಿಗೂ ಒಂದು ಸಂದೇಶ ಬಂದಿರಬೇಕು: ಕಣ್ಣುಬೇನೆ ಬಂದವರ ಕಣ್ಣನ್ನು ನೇರವಾಗಿ ನೋಡಬೇಡಿ, ನೋಡಿದರೆ ಅಂಟುತ್ತದೆ ಅಂತ.

ಮೊದಲು ಅದನ್ನು ಮುಗಿಸಿಬಿಡೋಣ. ನೋಡಿದರೆ ಅಂಟುವುದಿಲ್ಲ. ಅಂಟುವುದು ಕೈಯಿಂದ, ಟವೆಲ್‌ನಿಂದ, ದಿಂಬಿನ ಕವರ್‌ನಿಂದ, ಒಬ್ಬರಿಗೆ ಹಾಕಿದ ಡ್ರಾಪ್ಸ್ ಬಾಟಲಿಯನ್ನೇ ಇನ್ನೊಬ್ಬರ ಕಣ್ಣಿಗೆ ತಾಗಿಸುವುದರಿಂದ. ಕಪ್ಪು ಕನ್ನಡಕ ನೋಡುವವರನ್ನು ಕಾಪಾಡುವುದಿಲ್ಲ. ಹಾಕಿಕೊಂಡವರಿಗೆ ಬೆಳಕು ಚುಚ್ಚದಂತೆ ತಡೆಯುತ್ತದೆ, ಕೈ ಕಣ್ಣಿಗೆ ಹೋಗುವುದನ್ನೂ ಸ್ವಲ್ಪ ತಪ್ಪಿಸುತ್ತದೆ, ಅಷ್ಟೆ. ಇಂಥ ಅಲೆಗಳಲ್ಲಿ ಬರುವ ಕಣ್ಣುಬೇನೆ ಹೆಚ್ಚಾಗಿ ವೈರಸ್‌ನದು. ಒಂದು ವಾರ, ಹೆಚ್ಚೆಂದರೆ ಎರಡು ವಾರ ಕಾಡಿ ತಾನಾಗಿಯೇ ಹೋಗುತ್ತದೆ. ಬಹುಪಾಲು ಮಕ್ಕಳ ದೃಷ್ಟಿಗೆ ಏನೂ ಆಗುವುದಿಲ್ಲ.

ಅಂದರೆ ಊರೆಲ್ಲ ಹೆದರಿದ್ದು ಯಾವುದಕ್ಕೋ, ಅದು ವಾಸಿಯಾಗುವ ಕಾಯಿಲೆ. ಈ ಲೇಖನ ಬೇರೆ ಎರಡರ ಬಗ್ಗೆ. ಒಂದರಲ್ಲಿ ಕಣ್ಣು ಕೆಂಪಾಗುವುದೇ ಇಲ್ಲ, ನೋಯುವುದೂ ಇಲ್ಲ. ಇನ್ನೊಂದರಲ್ಲಿ ಕೆಂಪಾದ ಕಣ್ಣು ಅಂಗಡಿಯಿಂದ ತಂದ ಡ್ರಾಪ್ಸ್‌ನಿಂದ ಎರಡೇ ದಿನದಲ್ಲಿ ಬೆಳ್ಳಗಾಗುತ್ತದೆ, ಅಪಾಯ ಆಮೇಲೆ ಶುರುವಾಗುತ್ತದೆ. ಮಗುವಿನ ದೃಷ್ಟಿಯನ್ನೇ ಕಸಿಯಬಲ್ಲ ಇವೆರಡರ ಬಗ್ಗೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ದೇವನಹಳ್ಳಿಯ ದ್ರಾಕ್ಷಿ ಮತ್ತು ಕಣ್ಣಿನ ನಡುಪದರ

ಕಣ್ಣುಗುಡ್ಡೆಗೆ ಮೂರು ಪದರ. ಹೊರಗಿನದು ನಮಗೆ ಕಾಣುವ ಬಿಳಿ ಕವಚ. ಒಳಗಿನದು ಚಿತ್ರ ಮೂಡುವ ಅಕ್ಷಿಪಟಲ, ಅಂದರೆ ರೆಟಿನಾ. ಇವೆರಡರ ನಡುವೆ ರಕ್ತನಾಳಗಳಿಂದ ತುಂಬಿದ ಕಪ್ಪು ಪದರವೊಂದಿದೆ. ಅದರ ಹೆಸರು ಯೂವಿಯಾ. ದ್ರಾಕ್ಷಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ಹೊರಗಿನ ಬಿಳಿ ಕವಚವನ್ನು ಸುಲಿದರೆ ಒಳಗಿನದು ಕಪ್ಪು ದ್ರಾಕ್ಷಿಯಂತೆ ಕಾಣುತ್ತದೆ ಎಂದು ಹಳೆಯ ವೈದ್ಯರು ಹಾಗೆ ಕರೆದರು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತೋಟದ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ನೆನೆಸಿಕೊಂಡರೆ ಸಾಕು.

ಪಾಪೆಯ ಸುತ್ತ ಕಾಣುವ ಕಂದು ಬಣ್ಣದ ಉಂಗುರವಿದೆಯಲ್ಲ, ಐರಿಸ್, ಅದು ಈ ಪದರದ ಮುಂಭಾಗ. ಈ ಪದರಕ್ಕೆ ಉರಿಯೂತ ಬಂದರೆ ಅದೇ ಯುವಿಯೈಟಿಸ್. ಉರಿಯೂತ ಅಂದರೆ ದೇಹದ ಕಾವಲು ಪಡೆ ಒಂದು ಜಾಗಕ್ಕೆ ನುಗ್ಗುವುದು. ಗಾಯವಾದಾಗ, ಸೋಂಕು ತಗುಲಿದಾಗ ಅದು ಬೇಕು. ಕೆಲವು ಮಕ್ಕಳಲ್ಲಿ ಮಾತ್ರ ಕಾವಲು ಪಡೆಗೆ ಶತ್ರು ಯಾರು, ತನ್ನವರು ಯಾರು ಎಂಬ ಗುರುತು ತಪ್ಪುತ್ತದೆ. ಆಗ ಸೋಂಕೇ ಇಲ್ಲದ ಕಣ್ಣಿನೊಳಗೆ ಬಿಳಿ ರಕ್ತಕಣಗಳು ನುಗ್ಗುತ್ತವೆ, ರಕ್ತನಾಳಗಳಿಂದ ಪ್ರೋಟೀನು ಸೋರುತ್ತದೆ. ಕಣ್ಣಿನ ಮುಂಭಾಗದಲ್ಲಿರುವ, ಕನ್ನಡಿಯಷ್ಟು ತಿಳಿಯಾಗಿರಬೇಕಾದ ನೀರು ಕದಡುತ್ತದೆ.

ಈ ಕದಡುವಿಕೆ ಕನ್ನಡಿಯ ಮುಂದೆ ನಿಂತರೆ ಕಾಣುವುದಿಲ್ಲ. ಮೊಬೈಲ್ ಟಾರ್ಚ್ ಹಾಕಿದರೂ ಕಾಣುವುದಿಲ್ಲ. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಗೊತ್ತು: ಗಾಳಿ ಶುಭ್ರವಾಗಿರುವಂತೆ ಕಾಣುತ್ತಿರುತ್ತದೆ, ಬೆಳಕಿಂಡಿಯಿಂದ ಒಂದು ಬಿಸಿಲುಕೋಲು ಇಳಿದಾಗಲೇ ಅದರೊಳಗೆ ತೇಲುವ ಧೂಳಿನ ಕಣಗಳು ಕಾಣುವುದು. ಕಣ್ಣಿನ ಡಾಕ್ಟರ ಬಳಿ ಗಲ್ಲ ಇಟ್ಟು ಹಣೆ ಒತ್ತಿ ಕೂರುವ ಯಂತ್ರವಿರುತ್ತದೆ. ಅದರ ಹೆಸರು ಸ್ಲಿಟ್ ಲ್ಯಾಂಪ್. ಅದು ಮಾಡುವುದೂ ಇದನ್ನೇ: ಕಣ್ಣಿನೊಳಗೆ ಸಣ್ಣ ಬಿಸಿಲುಕೋಲು ಬಿಟ್ಟು, ಅದರಲ್ಲಿ ತೇಲುವ ಕಣಗಳನ್ನು ದೊಡ್ಡದಾಗಿಸಿ ನೋಡುವುದು. ಈ ಯಂತ್ರದ ಹೆಸರನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಮಂಡಿ ಊದಿದ ಮಗು, ಬೆಳ್ಳಗಿರುವ ಕಣ್ಣು

ಒಂದು ಮನೆಯನ್ನು ಊಹಿಸಿಕೊಳ್ಳಿ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿನ ನಡುವಿನ ಒಂದು ಮನೆ. ನಾಲ್ಕು ವರ್ಷದ ಹುಡುಗಿ ಬೆಳಗ್ಗೆ ಎದ್ದಾಗ ಕುಂಟುತ್ತಾಳೆ. ಮೆಟ್ಟಿಲು ಇಳಿಯುವಾಗ ಅಮ್ಮನ ಸೊಂಟ ಏರುತ್ತಾಳೆ. ಹತ್ತು ಗಂಟೆ ಹೊತ್ತಿಗೆ ಎಲ್ಲ ಸರಿ, ಅಂಗನವಾಡಿಯಲ್ಲಿ ಓಡಾಡುತ್ತಾಳೆ. ಒಂದು ಮಂಡಿ ಸ್ವಲ್ಪ ಊದಿದೆ, ಬಿಸಿಯಿದೆ. “ಎಲ್ಲೋ ಬಿದ್ದಿರ್ತಾಳೆ ಬಿಡಮ್ಮ, ಬೆಳೆಯೋ ನೋವು, ಹರಳೆಣ್ಣೆ ಹಚ್ಚು” ಎನ್ನುತ್ತಾರೆ ಅಜ್ಜಿ. ಎಣ್ಣೆ ಹಚ್ಚುತ್ತಾರೆ, ದಿನಗಳು ಹೋಗುತ್ತವೆ. ಕಣ್ಣಿನ ಮಾತು ಯಾರ ತಲೆಗೂ ಬರುವುದಿಲ್ಲ. ಯಾಕೆ ಬರಬೇಕು, ಕಣ್ಣು ಬೆಳ್ಳಗೆ ಹೊಳೆಯುತ್ತಿದೆ.

ಇದು ಯಾವುದೋ ಒಂದು ಮಗುವಿನ ನಿಜಕಥೆಯಲ್ಲ. ಆದರೆ ಮಕ್ಕಳ ಕೀಲುವಾತ ಹೀಗೆಯೇ ಶುರುವಾಗುತ್ತದೆ. ಹೌದು, ಮಕ್ಕಳಿಗೂ ಕೀಲುವಾತ ಬರುತ್ತದೆ. “ವಾತ ಮುದುಕರ ಕಾಯಿಲೆ” ಎಂಬುದು ತಪ್ಪು ನಂಬಿಕೆಗಳಲ್ಲಿ ದೊಡ್ಡದು. 16 ವರ್ಷ ತುಂಬುವ ಮೊದಲು, ಬೇರೆ ಕಾರಣವಿಲ್ಲದೆ, ಆರು ವಾರಕ್ಕಿಂತ ಹೆಚ್ಚು ಕಾಲ ಕೀಲಿನಲ್ಲಿ ಉರಿಯೂತ ಉಳಿದರೆ ವೈದ್ಯರು ಅದನ್ನು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಎನ್ನುತ್ತಾರೆ. ಚುಟುಕಾಗಿ ಜೆಐಎ.

ಅಜ್ಜಿಯ ಮಾತಿನಲ್ಲಿ ಅರ್ಧ ನಿಜವಿದೆ. ಬೆಳೆಯುವ ನೋವು ಅನ್ನುವುದು ಇದೆ. ಆದರೆ ಅದು ಸಂಜೆಯೋ ರಾತ್ರಿಯೋ ಬರುತ್ತದೆ, ಸಾಮಾನ್ಯವಾಗಿ ಎರಡೂ ಕಾಲಿನ ಮೀನಖಂಡ, ತೊಡೆಯಲ್ಲಿ ಇರುತ್ತದೆ, ನೀವಿದರೆ ಕಮ್ಮಿಯಾಗುತ್ತದೆ, ಬೆಳಗ್ಗೆ ಮಗು ಏನೂ ಆಗದಂತೆ ಎದ್ದು ಓಡುತ್ತದೆ. ಕೀಲು ಊದುವುದಿಲ್ಲ. ಬೆಳಗ್ಗೆ ಎದ್ದಾಗ ಕುಂಟುವುದು, ಕೀಲು ಬಿಗಿದುಕೊಂಡಿರುವುದು, ಊತ, ಇವು ಬೆಳೆಯುವ ನೋವಿನ ಲಕ್ಷಣಗಳಲ್ಲ.

ಮಂಡಿಯ ಕಾಯಿಲೆಗೂ ಕಣ್ಣಿಗೂ ಎಲ್ಲಿಯ ಸಂಬಂಧ? ಕೀಲಿನ ಒಳಪದರದ ಮೇಲೆ ದಾಳಿ ಮಾಡುವ ಅದೇ ಗುರುತು ತಪ್ಪಿದ ಕಾವಲು ಪಡೆ ಕಣ್ಣಿನ ನಡುಪದರದ ಮೇಲೂ ದಾಳಿ ಮಾಡಬಲ್ಲದು. ಯುರೋಪ್, ಅಮೆರಿಕದ ಲೆಕ್ಕದಲ್ಲಿ ಜೆಐಎ ಇರುವ ಪ್ರತಿ ಹತ್ತು ಮಕ್ಕಳಲ್ಲಿ ಒಬ್ಬರಿಂದ ಇಬ್ಬರಿಗೆ ಯುವಿಯೈಟಿಸ್ ಬರುತ್ತದೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಅಷ್ಟು ಕಾಣುವುದಿಲ್ಲ, ಇದು ಸಮಾಧಾನದ ಸಂಗತಿ. ಕಮ್ಮಿ ಎಂಬ ಕಾರಣಕ್ಕೇ ಯಾರೂ ಹುಡುಕದೆ ಇರುವುದು ಸಮಾಧಾನದ ಸಂಗತಿಯಲ್ಲ.

ಹೆಚ್ಚು ಅಪಾಯ ಯಾರಿಗೆ ಎಂಬುದು ಸಾಕಷ್ಟು ಸ್ಪಷ್ಟವಾಗಿದೆ. ಏಳು ವರ್ಷಕ್ಕಿಂತ ಮೊದಲೇ ಕೀಲು ಊದಲು ಶುರುವಾದವರು, ಒಂದೆರಡು ಅಥವಾ ನಾಲ್ಕರೊಳಗಿನ ಕೀಲುಗಳಲ್ಲಷ್ಟೇ ತೊಂದರೆಯಿರುವವರು, ರಕ್ತದಲ್ಲಿ ಎಎನ್‌ಎ ಎಂಬ ಪರೀಕ್ಷೆ ಪಾಸಿಟಿವ್ ಬಂದವರು. ಇವರಲ್ಲೂ ಹುಡುಗಿಯರೇ ಹೆಚ್ಚು. ಕೀಲುನೋವು ಶುರುವಾದ ಮೊದಲ ನಾಲ್ಕು ವರ್ಷ ತುಂಬ ಎಚ್ಚರದ ಕಾಲ. ಇಂಥ ಮಕ್ಕಳಿಗೆ ಕಣ್ಣಿನಲ್ಲಿ ಯಾವ ದೂರು ಇಲ್ಲದಿದ್ದರೂ ಮೂರು ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪ್ ತಪಾಸಣೆ ಆಗಬೇಕು. ಉಳಿದ ಜೆಐಎ ಮಕ್ಕಳಿಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ, ವೈದ್ಯರು ಹೇಳಿದಂತೆ.

(ಇಲ್ಲೊಂದು ಎಚ್ಚರಿಕೆ. ಈ ಸಾಲು ಓದಿ ಲ್ಯಾಬ್‌ಗೆ ಹೋಗಿ ಮಗುವಿಗೆ ಎಎನ್‌ಎ ಮಾಡಿಸಬೇಡಿ. ಯಾವ ಕಾಯಿಲೆಯೂ ಇಲ್ಲದ ಎಷ್ಟೋ ಮಕ್ಕಳಲ್ಲಿ ಅದು ಪಾಸಿಟಿವ್ ಬರುತ್ತದೆ. ಹಾಗೆಯೇ “ವಾತದ ಟೆಸ್ಟ್ ನೆಗೆಟಿವ್, ಹಾಗಾಗಿ ವಾತ ಇಲ್ಲ” ಎಂಬುದೂ ಸರಿಯಲ್ಲ. ಜೆಐಎ ಇರುವ ಬಹುತೇಕ ಮಕ್ಕಳಲ್ಲಿ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಆಗಿಯೇ ಇರುತ್ತದೆ.)

ಮಗು ಯಾಕೆ ಹೇಳುವುದಿಲ್ಲ ಎಂದು ನೀವು ಕೇಳಬಹುದು. ಈ ಉರಿಯೂತ ಸಣ್ಣ ಬೆಂಕಿಯ ಹಾಗೆ, ನಿಧಾನ. ಕೆಂಪು ಇಲ್ಲ, ನೀರು ಸುರಿಯುವುದಿಲ್ಲ, ನೋವಿಲ್ಲ. ನಾಲ್ಕು ವರ್ಷದ ಮಗುವಿಗೆ ಉಳಿದವರು ತನಗಿಂತ ಸ್ಪಷ್ಟವಾಗಿ ನೋಡುತ್ತಾರೆ ಎಂಬುದೇ ಗೊತ್ತಿರುವುದಿಲ್ಲ. ಒಂದು ಕಣ್ಣು ಮಂಜಾದರೆ ಇನ್ನೊಂದು ಕಣ್ಣು ಕೆಲಸ ನಡೆಸುತ್ತದೆ. ಟಿವಿಯ ಹತ್ತಿರ ಹೋಗಿ ಕೂತರೆ ನಾವು ಬೈದು ಹಿಂದೆ ಕೂರಿಸುತ್ತೇವೆ.

ಇನ್ನೂ ಒಂದು ಮೋಸವಿದೆ. ಮಂಡಿ ವಾಸಿಯಾದರೆ ಕಣ್ಣಿಗೂ ಅಪಾಯ ಕಳೆಯಿತು ಎಂದು ಹೆತ್ತವರು ತಪಾಸಣೆ ಬಿಟ್ಟುಬಿಡುತ್ತಾರೆ. ಮಂಡಿ ಮತ್ತು ಕಣ್ಣು ಜೊತೆಜೊತೆಗೆ ನಡೆಯುವುದಿಲ್ಲ. ಕೀಲು ಪೂರ್ತಿ ಶಾಂತವಾಗಿರುವಾಗಲೇ ಕಣ್ಣಿನೊಳಗೆ ಉರಿಯೂತ ನಡೆದಿರಬಹುದು. ಕೆಲವರಲ್ಲಿ ಕಣ್ಣೇ ಮೊದಲು, ಕೀಲು ಆಮೇಲೆ.

ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಬಗೆಯೂ ಇದೆ. ಹತ್ತು ವರ್ಷ ದಾಟಿದ ಹುಡುಗ, ಹಿಮ್ಮಡಿ ನೋವು, ಬೆಳಗ್ಗೆ ಸೊಂಟ ಹಿಡಿದುಕೊಳ್ಳುವುದು. ಇವರಿಗೆ ಬರುವ ಕಣ್ಣಿನ ಉರಿಯೂತ ಗದ್ದಲದ್ದು: ಒಂದು ಕಣ್ಣು ದಿಢೀರನೆ ಕೆಂಪಾಗುತ್ತದೆ, ನೋಯುತ್ತದೆ, ಬೆಳಕು ನೋಡಲಾಗುವುದಿಲ್ಲ. ಗದ್ದಲ ಮಾಡುವುದರಿಂದ ಬೇಗ ಆಸ್ಪತ್ರೆ ಸೇರುತ್ತಾರೆ. ಆದರೆ “ಮದ್ರಾಸ್ ಐ, ಸರಿಹೋಗುತ್ತೆ” ಎಂದು ವಾರಗಟ್ಟಲೆ ಕಾಯುವ ಅಪಾಯ ಇವರಿಗಿದೆ. ಮದ್ರಾಸ್ ಐನಲ್ಲಿ ಪಿಸುರು ಇರುತ್ತದೆ, ಕಸ ಬಿದ್ದಂತೆ ಚುಚ್ಚುತ್ತದೆ, ಪಿಸುರು ಒರೆಸಿದರೆ ದೃಷ್ಟಿ ಸರಿಯಾಗಿರುತ್ತದೆ. ಪಿಸುರಿಲ್ಲದೆ ಕೆಂಪು, ಒಳಗಿನಿಂದ ನೋವು, ಬೆಳಕಿಗೆ ಕಣ್ಣು ತೆರೆಯಲಾಗದಿರುವುದು, ದೃಷ್ಟಿ ಮಂಜು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಬೇಕು.

ಬಿಟ್ಟರೆ ಏನಾಗುತ್ತದೆ, ಹಿಡಿದರೆ ಏನಾಗುತ್ತದೆ

ಸದ್ದಿಲ್ಲದ ಉರಿಯೂತವನ್ನು ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಐರಿಸ್ ಹಿಂದಿನ ಮಸೂರಕ್ಕೆ ಅಂಟಿದಾಗ ದುಂಡಗಿದ್ದ ಪಾಪೆ ಅಂಕುಡೊಂಕಾಗುತ್ತದೆ. ಎಷ್ಟೋ ಸಲ ಮನೆಯವರ ಕಣ್ಣಿಗೆ ಬೀಳುವ ಮೊದಲ ಗುರುತು ಇದೇ, ಆಗ ತಡವಾಗಿರುತ್ತದೆ. ಮಸೂರ ಬೆಳ್ಳಗಾಗಿ ಪೊರೆ ಬರುತ್ತದೆ. ಅಜ್ಜನಿಗೆ ಬರುವ ಪೊರೆ ಐದು ವರ್ಷದ ಮಗುವಿಗೆ! ಕಾರ್ನಿಯಾದ ಮೇಲೆ ಅಡ್ಡಪಟ್ಟಿಯಂತೆ ಸುಣ್ಣದಂಶ ಕೂರುತ್ತದೆ. ಕಣ್ಣಿನ ನೀರು ಹೊರಹೋಗುವ ದಾರಿ ಕಟ್ಟಿ ಒತ್ತಡ ಏರುತ್ತದೆ, ದೃಷ್ಟಿನರ ಸವೆಯುತ್ತದೆ, ಅದೇ ಗ್ಲಾಕೋಮಾ. ರೆಟಿನಾದ ನಡುವಿನ ಸೂಕ್ಷ್ಮ ಭಾಗ ಊದಬಹುದು. ಮಿಗಿಲಾಗಿ, ಸುಮಾರು ಎಂಟು ವರ್ಷದವರೆಗೆ ಮಿದುಳು ನೋಡುವುದನ್ನು ಕಲಿಯುತ್ತಿರುತ್ತದೆ. ಆ ಹೊತ್ತಿನಲ್ಲಿ ಒಂದು ಕಣ್ಣು ಮಂಜಾಗಿದ್ದರೆ ಮಿದುಳು ಅದನ್ನು ಕೈಬಿಡುತ್ತದೆ. ಆಮೇಲೆ ಪೊರೆ ತೆಗೆದರೂ ಆ ಕಣ್ಣಿಗೆ ಪೂರ್ತಿ ದೃಷ್ಟಿ ಬರುವುದು ಕಷ್ಟ.

ಇಷ್ಟು ಓದಿ ಹೆದರಬೇಡಿ, ಮುಂದಿನದನ್ನೂ ಓದಿ. ಬೇಗ ಹಿಡಿದರೆ ಈ ಮಕ್ಕಳಲ್ಲಿ ಹೆಚ್ಚಿನವರು ಒಳ್ಳೆಯ ದೃಷ್ಟಿಯನ್ನೇ ಉಳಿಸಿಕೊಳ್ಳುತ್ತಾರೆ. ಮೊದಲು ಸ್ಟಿರಾಯ್ಡ್ ಡ್ರಾಪ್ಸ್, ಜೊತೆಗೆ ಪಾಪೆ ಅಂಟಿಕೊಳ್ಳದಂತೆ ಅದನ್ನು ಅಗಲಿಸುವ ಡ್ರಾಪ್ಸ್. ಅದರಿಂದಲೇ ಹತೋಟಿಗೆ ಬರದಿದ್ದರೆ, ಅಥವಾ ಡ್ರಾಪ್ಸ್ ನಿಲ್ಲಿಸಲಾಗದಿದ್ದರೆ, ಮೆಥೋಟ್ರೆಕ್ಸೇಟ್. ಅದೂ ಸಾಲದಿದ್ದರೆ ಅಡಾಲಿಮುಮಾಬ್ ಎಂಬ ಚುಚ್ಚುಮದ್ದು.

ಈ ಚುಚ್ಚುಮದ್ದಿನ ಬಗ್ಗೆ ಬ್ರಿಟನ್‌ನಲ್ಲಿ 90 ಮಕ್ಕಳ ಮೇಲೆ ನಡೆದ ಸೈಕಮೋರ್ ಎಂಬ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಎಲ್ಲರೂ ಜೆಐಎಯಿಂದ ಯುವಿಯೈಟಿಸ್ ಬಂದ ಮಕ್ಕಳು, ಎಲ್ಲರಿಗೂ ಮೆಥೋಟ್ರೆಕ್ಸೇಟ್ ನಡೆಯುತ್ತಿತ್ತು. 60 ಮಕ್ಕಳಿಗೆ ಜೊತೆಗೆ ಅಡಾಲಿಮುಮಾಬ್, 30 ಮಕ್ಕಳಿಗೆ ಔಷಧವಿಲ್ಲದ ಚುಚ್ಚುಮದ್ದು. ಚಿಕಿತ್ಸೆ ಸೋತದ್ದು ಮೊದಲ ಗುಂಪಿನ 16 ಮಕ್ಕಳಲ್ಲಿ, ಎರಡನೆಯ ಗುಂಪಿನ 18 ಮಕ್ಕಳಲ್ಲಿ. ಅಂದರೆ ನೂರಕ್ಕೆ 27, ನೂರಕ್ಕೆ 60. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಔಷಧ ಪಡೆದವರಲ್ಲಿ ಅಡ್ಡಪರಿಣಾಮಗಳು ಹೆಚ್ಚು ಕಂಡವು ಎಂಬುದನ್ನೂ ಹೇಳಬೇಕು. ಹಾಗಾಗಿಯೇ ಇದನ್ನು ಕೊಡುವ ಮೊದಲು ಟಿಬಿ ಪರೀಕ್ಷೆ ಮಾಡುತ್ತಾರೆ. ನಮ್ಮ ದೇಶದಲ್ಲಂತೂ ಅದು ಕಡ್ಡಾಯವೆಂದೇ ತಿಳಿಯಿರಿ, ಯಾಕೆಂದರೆ ಅಡಗಿ ಕೂತ ಟಿಬಿಯನ್ನು ಈ ಔಷಧ ಎಬ್ಬಿಸಬಲ್ಲದು. ಬೆಲೆ ಹಿಂದಿಗಿಂತ ಇಳಿದಿದೆ. ಇದರ ಬಯೋಸಿಮಿಲರ್, ಅಂದರೆ ಮೂಲ ಔಷಧಕ್ಕೆ ಸಮನಾದ ಅಗ್ಗದ ರೂಪ, ಜಗತ್ತಿನಲ್ಲೇ ಮೊದಲು ಮಾರುಕಟ್ಟೆಗೆ ಬಂದದ್ದು ಭಾರತದಲ್ಲಿ, 2014ರಲ್ಲಿ.

ಮೆಥೋಟ್ರೆಕ್ಸೇಟ್ ಬಗ್ಗೆ ಎರಡು ಮಾತು. ಮೊಬೈಲ್‌ನಲ್ಲಿ ಹುಡುಕಿದರೆ “ಕ್ಯಾನ್ಸರ್ ಔಷಧಿ” ಎಂದು ಬರುತ್ತದೆ. ನೋಡಿದ ಅಪ್ಪ-ಅಮ್ಮನ ಎದೆ ಧಸಕ್ಕೆನ್ನುತ್ತದೆ, ಮಾತ್ರೆ ನಿಲ್ಲಿಸಿಬಿಡುತ್ತಾರೆ. ಕ್ಯಾನ್ಸರ್‌ಗೆ ಇದನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ. ಕೀಲು, ಕಣ್ಣಿಗೆ ಕೊಡುವುದು ಅದರ ಸಣ್ಣದೊಂದು ಪಾಲು, ಕಾವಲು ಪಡೆಯನ್ನು ತಣ್ಣಗಾಗಿಸಲು. ನಿಮ್ಮ ಮಗುವಿಗೆ ಕ್ಯಾನ್ಸರ್ ಇದೆ ಎಂದು ಡಾಕ್ಟರು ಮುಚ್ಚಿಡುತ್ತಿಲ್ಲ. ಎರಡನೆಯದು ಇನ್ನೂ ಮುಖ್ಯ: ಇದು ವಾರಕ್ಕೆ ಒಮ್ಮೆ ಮಾತ್ರ ತೆಗೆದುಕೊಳ್ಳುವ ಔಷಧ. ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ಯಾವ ವಾರ ಎಂದು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ನಡುನಡುವೆ ರಕ್ತಪರೀಕ್ಷೆ ಇರುತ್ತದೆ, ತಪ್ಪಿಸಬೇಡಿ. ಲಸಿಕೆ ಹಾಕಿಸುವ ಮೊದಲು ಈ ಔಷಧ ನಡೆಯುತ್ತಿದೆ ಎಂದು ಹೇಳಿ.

ಎರಡು ದಿನದಲ್ಲಿ ವಾಸಿ ಮಾಡುವ ಡ್ರಾಪ್ಸ್

ಈಗ ಕೆಂಪು ಕಣ್ಣಿನ ಕಥೆ. ಬೇಸಿಗೆ ಬಂತೆಂದರೆ ಕೆಲವು ಮಕ್ಕಳು ಕಣ್ಣುಜ್ಜಲು ಶುರು ಮಾಡುತ್ತಾರೆ. ಹುಡುಗರೇ ಹೆಚ್ಚು, ಸುಮಾರು ಐದರಿಂದ ಹದಿನೈದು ವರ್ಷ. ಬಿಸಿಲು, ಒಣಗಾಳಿ, ರಸ್ತೆ ಧೂಳು ತಾಗಿದರೆ ಜಾಸ್ತಿ. ತಡೆಯಲಾಗದ ತುರಿಕೆ, ನೂಲಿನಂತೆ ಎಳೆ ಬರುವ ಲೋಳೆ. ಬಿಳಿಗುಡ್ಡೆ ಮಾಸಲು ಕಂದಾಗುತ್ತದೆ. ರೆಪ್ಪೆ ತಿರುಗಿಸಿದರೆ ಒಳಗೆ ಗುಳ್ಳೆಗಳು. ಇದು ಅಂಟುವ ಕಣ್ಣುಬೇನೆಯಲ್ಲ, ಅಲರ್ಜಿಯಿಂದ ಬರುವ ಉರಿಯೂತ. ವಿಕೆಸಿ ಎನ್ನುತ್ತಾರೆ. ಪ್ರತಿ ವರ್ಷ ಮರಳಿ ಬರುತ್ತದೆ. ಹೆಚ್ಚಿನವರಿಗೆ ಮೀಸೆ ಮೂಡುವ ಹೊತ್ತಿಗೆ ತಾನಾಗಿ ಕಡಿಮೆಯಾಗುತ್ತದೆ.

ಅಲ್ಲಿಯವರೆಗಿನ ವರ್ಷಗಳೇ ಸಮಸ್ಯೆ. ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವ ಬದಲು ಮೆಡಿಕಲ್ ಸ್ಟೋರಿಗೆ ಹೋಗಿ “ಕಣ್ಣು ಕೆಂಪಾಗಿದೆ, ಡ್ರಾಪ್ಸ್ ಕೊಡಿ” ಎನ್ನುತ್ತೇವೆ. ಇಲ್ಲವೇ ಹೋದ ವರ್ಷದ ಚೀಟಿ ತೋರಿಸುತ್ತೇವೆ. ಸಿಗುವುದು ಎಷ್ಟೋ ಸಲ ಸ್ಟಿರಾಯ್ಡ್ ಇರುವ ಬಾಟಲಿ. ಹಾಕಿದ ಎರಡೇ ದಿನಕ್ಕೆ ಕಣ್ಣು ಬೆಳ್ಳಗೆ. ಮಗು ತುರಿಸಿಕೊಳ್ಳುವುದಿಲ್ಲ, ಓದುತ್ತದೆ, ಆಡುತ್ತದೆ. ಇದಕ್ಕಿಂತ ಒಳ್ಳೆ ಔಷಧ ಇಲ್ಲ ಅನಿಸುತ್ತದೆ. ನಿಲ್ಲಿಸಿದರೆ ತುರಿಕೆ ಮರಳುತ್ತದೆ, ಮತ್ತೊಂದು ಬಾಟಲಿ. ಹೀಗೆ ಎರಡು ಬೇಸಿಗೆ, ಮೂರು ಬೇಸಿಗೆ.

ಕೆಲವು ಮಕ್ಕಳ ಕಣ್ಣಿನಲ್ಲಿ ಸ್ಟಿರಾಯ್ಡ್ ಒಳಗಿನ ನೀರಿನ ದಾರಿಯನ್ನು ಬಿಗಿಯುತ್ತದೆ. ಒತ್ತಡ ಏರುತ್ತದೆ. ನೋವಿಲ್ಲ, ಕೆಂಪಿಲ್ಲ, ಕಣ್ಣು ಹಿಂದೆಂದಿಗಿಂತ ಚೆನ್ನಾಗಿ ಕಾಣುತ್ತಿರುತ್ತದೆ. ಒಳಗೆ ದೃಷ್ಟಿನರ ಅಂಚಿನಿಂದ ಸಾಯುತ್ತಾ ಬರುತ್ತದೆ. ಮಗುವಿಗೆ ತೊಂದರೆ ಗೊತ್ತಾಗುವ ಹೊತ್ತಿಗೆ ಉಳಿದಿರುವುದು ಕೊಳವೆಯೊಳಗಿಂದ ನೋಡಿದಷ್ಟು ದೃಷ್ಟಿ. ಸತ್ತ ನರ ಮತ್ತೆ ಹುಟ್ಟುವುದಿಲ್ಲ. ಪೊರೆಗೆ ಆಪರೇಷನ್ ಇದೆ, ಇದಕ್ಕೆ ಕಳೆದುಹೋದದ್ದನ್ನು ತರುವ ಆಪರೇಷನ್ ಇಲ್ಲ. ಮೂಲದಲ್ಲಿದ್ದದ್ದು ತಾನಾಗಿಯೇ ಕಡಿಮೆಯಾಗಬಹುದಾದ ತುರಿಕೆ ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಸ್ಟಿರಾಯ್ಡ್ ವಿಷವೇ? “ಸ್ಟಿರಾಯ್ಡ್ ಮುಟ್ಟಲೇಬೇಡಿ” ಎಂದು ಇನ್ನೊಂದು ಫಾರ್ವರ್ಡ್ ಓಡಾಡುತ್ತದಲ್ಲ, ಅದೂ ಅಷ್ಟೇ ಅಪಾಯ. ಯುವಿಯೈಟಿಸ್ ಬಂದ ಮಗುವಿನ ಕಣ್ಣನ್ನು ಉಳಿಸುವುದು ಇದೇ ಸ್ಟಿರಾಯ್ಡ್. ಜೋರಾದ ವಿಕೆಸಿಗೂ ಕೆಲವು ದಿನ ಬೇಕಾಗುತ್ತದೆ. ವ್ಯತ್ಯಾಸ ಇರುವುದು ಎಷ್ಟು ದಿನ, ಹೇಗೆ ಇಳಿಸುತ್ತಾ ನಿಲ್ಲಿಸುವುದು, ನಡುವೆ ಕಣ್ಣಿನ ಒತ್ತಡವನ್ನು ಅಳೆಯುವವರು ಯಾರು ಎಂಬುದರಲ್ಲಿ. ಅಂಗಡಿಯವರು ಅಳೆಯುವುದಿಲ್ಲ. ವೈದ್ಯರ ಚೀಟಿ ಇಲ್ಲದೆ ಇವನ್ನು ಮಾರುವಂತೆಯೂ ಇಲ್ಲ.

ಮನೆಯ ಬಾಟಲಿಯಲ್ಲಿ ಏನಿದೆ ಎಂದು ನೀವೇ ನೋಡಬಹುದು. ಹೆಸರನ್ನಲ್ಲ, ಅದರ ಕೆಳಗೆ ಸಣ್ಣಕ್ಷರದಲ್ಲಿರುವುದನ್ನು ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಡೈಫ್ಲುಪ್ರೆಡ್ನೇಟ್, ಲೋಟೆಪ್ರೆಡ್ನಾಲ್, ಫ್ಲೋರೊಮೆಥೊಲೋನ್ – ಇವುಗಳಲ್ಲಿ ಯಾವುದಿದ್ದರೂ ಅದು ಸ್ಟಿರಾಯ್ಡ್. ಆ್ಯಂಟಿಬಯೋಟಿಕ್ ಜೊತೆ ಬೆರೆತಿದ್ದರೂ ಸ್ಟಿರಾಯ್ಡೇ. ಓದಲು ಕಷ್ಟವಾದರೆ ಫೋಟೋ ತೆಗೆದು ದೊಡ್ಡದು ಮಾಡಿ. ಮಗು ಇದನ್ನು ತಿಂಗಳುಗಟ್ಟಲೆ ಹಾಕಿಕೊಂಡಿದ್ದರೆ ಕಣ್ಣಿನ ಒತ್ತಡ ನೋಡಿಸಿ. ಡಾಕ್ಟರು ಯುವಿಯೈಟಿಸ್‌ಗೆ ಬರೆದುಕೊಟ್ಟದ್ದಾದರೆ ಈ ಲೇಖನ ಓದಿ ನಿಲ್ಲಿಸಬೇಡಿ.

ನಂದಿಬಟ್ಟಲು, ಎದೆಹಾಲು, ಮೊಬೈಲ್ ಫ್ಲ್ಯಾಶ್

ಮನೆಮದ್ದಿನ ಬಗ್ಗೆ ಕೇಳದೆ ನೀವು ಬಿಡುವುದಿಲ್ಲ. ತಣ್ಣೀರಲ್ಲಿ ಅದ್ದಿದ ನಂದಿಬಟ್ಟಲು ಹೂವನ್ನು ಮುಚ್ಚಿದ ರೆಪ್ಪೆಯ ಮೇಲೆ ಇಟ್ಟುಕೊಂಡರೆ ಹಾಯೆನಿಸುತ್ತದೆ, ತೊಂದರೆಯೇನಿಲ್ಲ. ಒದ್ದೆ ಬಟ್ಟೆಯೂ ಅದೇ ಕೆಲಸ ಮಾಡುತ್ತದೆ. ಹೂವನ್ನು ಹಿಂಡಿ ರಸವನ್ನು ಕಣ್ಣಿಗೆ ಬಿಡುವುದು ಬೇರೆ ಮಾತು. ಎದೆಹಾಲು, ಜೇನು, ಹರಳೆಣ್ಣೆ, ಈರುಳ್ಳಿ ರಸ, ಮನೆಯಲ್ಲಿ ಮಾಡಿದ ಗುಲಾಬಿ ನೀರು, ಇವು ಯಾವುವೂ ಕಣ್ಣಿನ ನಡುಪದರದ ಉರಿಯೂತವನ್ನು ಮುಟ್ಟುವುದೇ ಇಲ್ಲ. ಸೋಂಕು ತರಬಹುದು, ಅದಕ್ಕಿಂತ ಹೆಚ್ಚಾಗಿ ಹೊತ್ತು ಕಳೆಯುತ್ತವೆ.

ಕೆರೆಯಲ್ಲಿ ಈಜುವ ಮಕ್ಕಳಿರುವ ಊರಿನವರಿಗೆ ಇದೊಂದು ಆಸಕ್ತಿಯ ಸಂಗತಿ. ಕೆಲವು ಸಲ ಕಣ್ಣಿನ ಉರಿಯೂತಕ್ಕೆ ಹೊರಗಿನ ಕಾರಣವೂ ಇರುತ್ತದೆ: ಟಿಬಿ, ಟಾಕ್ಸೊಪ್ಲಾಸ್ಮಾದಂಥ ಪರಾವಲಂಬಿ ಜೀವಿ. ಸುಮಾರು 2000ದ ಹೊತ್ತಿನಲ್ಲಿ ತಮಿಳುನಾಡಿನ ಹಳ್ಳಿಗಳ ಮಕ್ಕಳ ಕಣ್ಣಿನಲ್ಲಿ ಬಿಳಿ ಗಂಟುಗಳ ಜೊತೆ ಉರಿಯೂತ ಕಾಣಿಸಿತು. ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯ ವೈದ್ಯರು ಬೆನ್ನು ಹತ್ತಿ ನೋಡಿದಾಗ, ಆ ಮಕ್ಕಳಲ್ಲಿ ಬಹುಪಾಲು ಊರಿನ ಕೆರೆ-ಕುಂಟೆಯಲ್ಲಿ ಸ್ನಾನ ಮಾಡುವವರೆಂದು ತಿಳಿಯಿತು. ನೀರಿನಲ್ಲಿರುವ, ಟ್ರೆಮಟೋಡ್ ಎಂಬ ಜಾತಿಯ ಚಪ್ಪಟೆ ಹುಳುವೇ ಕಾರಣವೆಂದು ಅವರು ಗುರುತಿಸಿದರು. ಹಾಗಾಗಿ ಮಗು ಎಲ್ಲಿ ಈಜುತ್ತದೆ ಎಂದು ಡಾಕ್ಟರು ಕೇಳಿದರೆ ಅದು ಹರಟೆಯಲ್ಲ.

ಇನ್ನು ಒಂದು ಫಾರ್ವರ್ಡ್ ನಿಜ ಎಂದು ಹೇಳಬೇಕು, ಅಪರೂಪಕ್ಕೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಒಂದು ಪಾಪೆ ಕೆಂಪಗೆ, ಇನ್ನೊಂದು ಬೆಳ್ಳಗೆ ಹೊಳೆದರೆ ಎಚ್ಚರ. ಮಗು ಓರೆಯಾಗಿ ನೋಡುತ್ತಿದ್ದರೂ ಹೀಗೆ ಬರಬಹುದು. ಆದರೆ ಬೇರೆ ಬೇರೆ ಫೋಟೋದಲ್ಲೂ ಅದೇ ಕಣ್ಣು ಬೆಳ್ಳಗೆ ಕಂಡರೆ ಪೊರೆ, ಒಳಗಿನ ಉರಿಯೂತ, ಅಥವಾ ಮಕ್ಕಳ ಕಣ್ಣಿನ ಕ್ಯಾನ್ಸರ್ ಆಗಿರಬಹುದು. ಕೂಡಲೇ ತೋರಿಸಬೇಕು. ಫೋಟೋದಲ್ಲಿ ಎರಡೂ ಕಣ್ಣು ಸರಿಯಾಗಿ ಬಂದ ಮಾತ್ರಕ್ಕೆ ಯುವಿಯೈಟಿಸ್ ಇಲ್ಲವೆಂದು ಅರ್ಥವಲ್ಲ.

ಹೋಗುವುದು ಎಲ್ಲಿಗೆ, ಕೇಳುವುದು ಏನು

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕೆಂಬ ವ್ಯವಸ್ಥೆ 2013ರಿಂದ ಇದೆ. ಕುಂಟುವ ಮಗುವನ್ನು ಅವರ ಗಮನಕ್ಕೆ ತನ್ನಿ. ಆದರೆ ಶಾಲೆಯಲ್ಲಿ ಗೋಡೆಗೆ ಅಕ್ಷರದ ಚಾರ್ಟ್ ಹಾಕಿ ಮಾಡುವ ಪರೀಕ್ಷೆ ಕನ್ನಡಕ ಬೇಕೋ ಬೇಡವೋ ಎಂದು ಹೇಳಬಲ್ಲದು. ಶುರುವಿನ ಉರಿಯೂತದಲ್ಲಿ ಮಗು ಕೊನೆಯ ಸಾಲನ್ನೂ ಸರಾಗವಾಗಿ ಓದಿಬಿಡುತ್ತದೆ.

ನಾಲ್ಕೂ ತಾಲ್ಲೂಕಿನವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿ ಮಕ್ಕಳ ಡಾಕ್ಟರು, ಕಣ್ಣಿನ ವಿಭಾಗ ಎರಡಕ್ಕೂ ತೋರಿಸಿ. ಮುಂದಕ್ಕೆ ಕಳಿಸಬೇಕಾದರೆ ರೆಫರಲ್ ಚೀಟಿ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಸಿಗಬೇಕಾದರೆ ಅದು ಬೇಕಾಗಬಹುದು. ಬೆಂಗಳೂರಿನಲ್ಲಿ ಕಣ್ಣಿಗೆ ಸರ್ಕಾರದ ಮಿಂಟೋ ಆಸ್ಪತ್ರೆ, ಮಕ್ಕಳ ಕಾಯಿಲೆಗಳಿಗೆ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವೆ.

ಕೀಲು ಊದಿದ ಮಗುವನ್ನು ಕರೆದುಕೊಂಡು ಹೋದಾಗ ಒಂದು ಮಾತು ನೀವೇ ಕೇಳಿ: “ಡಾಕ್ಟ್ರೇ, ಸ್ಲಿಟ್ ಲ್ಯಾಂಪ್‌ನಲ್ಲಿ ಕಣ್ಣು ನೋಡಿಸಬೇಕಾ? ಮತ್ತೆ ಯಾವಾಗ ಬರಬೇಕು?” ಮೂರು-ನಾಲ್ಕು ವರ್ಷದ ಮಕ್ಕಳೂ ಅಮ್ಮನ ತೊಡೆಯ ಮೇಲೆ ಕೂತು ಗಲ್ಲ ಇಡುತ್ತಾರೆ, ನೋವಾಗುವುದಿಲ್ಲ, ಕೆಲವೇ ನಿಮಿಷದ ಕೆಲಸ. ದೊಡ್ಡಬಳ್ಳಾಪುರದಿಂದ ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಮನೆಯಲ್ಲಿ ಇನ್ನೊಂದು ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಚಿಂತೆ. ಕಣ್ಣು ಚೆನ್ನಾಗಿದೆ ಎಂದು ಹೇಳಿಸಿಕೊಂಡು ಬರುವುದಕ್ಕೆ ಇಷ್ಟೆಲ್ಲ ಯಾಕೆ ಎಂದು ಎರಡನೆಯ ಸಲಕ್ಕೇ ಅನಿಸುತ್ತದೆ, ಮೂರನೆಯ ಸಲ ಹೋಗುವುದಿಲ್ಲ. ಆದ್ದರಿಂದ ಸ್ಲಿಟ್ ಲ್ಯಾಂಪ್ ಮತ್ತು ನೋಡುವವರು ತಾಲ್ಲೂಕಿನಲ್ಲೇ ಇದ್ದರೆ, ನಡುವಿನ ತಪಾಸಣೆಗಳನ್ನು ಅಲ್ಲೇ ಮಾಡಿಸಬಹುದೇ ಎಂದು ದೊಡ್ಡ ಆಸ್ಪತ್ರೆಯಲ್ಲೇ ಕೇಳಿ ಬರೆಸಿಕೊಳ್ಳಿ.

ಹೋಗುವಾಗ ಇದುವರೆಗೆ ಹಾಕಿದ ಡ್ರಾಪ್ಸ್ ಬಾಟಲಿಗಳನ್ನೆಲ್ಲ, ಖಾಲಿಯಾದದ್ದೂ ಸೇರಿ, ಒಂದು ಕವರಿಗೆ ಹಾಕಿಕೊಂಡು ಹೋಗಿ. ಅಂಗಡಿಯಿಂದ ನೀವೇ ತಂದದ್ದಾದರೂ ಬೈಸಿಕೊಳ್ಳಬೇಕಾಗುತ್ತದೆ ಎಂದು ಮುಚ್ಚಿಡಬೇಡಿ. ಕಣ್ಣಿನ ಒತ್ತಡ ಅಳೆಯಬೇಕೋ ಬೇಡವೋ ಎಂಬುದನ್ನು ಡಾಕ್ಟರು ಆ ಬಾಟಲಿಗಳನ್ನು ನೋಡಿಯೇ ತೀರ್ಮಾನಿಸಬಹುದು.